ಅತ್ತೆಗೆ ಬಂದ ವಸೂಲಿ ನೋಟಿಸು

ಸ್ನೇಹಿತರೇ, ಇವತ್ತು ಬೆಳಿಗ್ಗೆ ಸೋದರತ್ತೆಯನ್ನು ಕರೆದುಕೊಂಡು ಒಂದು ಸರ್ಕಾರಿ ಕಚೇರಿಗೆ ಹೋಗಿದ್ದೆ. ಪೀಣ್ಯದ ಸರ್ಕಾರಿ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದ ಮಾವ ತೀರಿಕೊಂಡು ಮೂರು ತಿಂಗಳಾಯಿತು. ಅವರ ಚಿಕಿತ್ಸೆಗೆ ಇಲಾಖೆ ಮಿತಿ ಮೀರಿ ಕೊಟ್ಟ ಹಣವನ್ನು ಚಿಕ್ಕಬಾಣಾವರದಲ್ಲಿರುವ ಅವರ ಮನೆಯಿಂದ ವಸೂಲು ಮಾಡುವುದಾಗಿ ನೋಟಿಸು ಬಂದಿತ್ತು.

ನಾನು ಜಗಳಕ್ಕೆ ಸಿದ್ಧನಾಗಿಯೇ ಹೋಗಿದ್ದೆ. ಅತ್ತೆ ಮಾತ್ರ ಕಡತದಲ್ಲಿದ್ದ ಆಸ್ಪತ್ರೆಯ ಬಿಲ್ಲನ್ನು ಕೇಳಿ ತೆಗೆದುಕೊಂಡು, ಸಾಲುಸಾಲಿಗೂ ಬೆರಳಿಟ್ಟು ಓದತೊಡಗಿದರು. ಮಾವನ ಕೊನೆಯ ದಿನಗಳಲ್ಲಿ ಐಸಿಯು ಒಳಗೆ ನಮ್ಮನ್ನು ಬಿಟ್ಟಿರಲಿಲ್ಲ. ಒಂದು ಸಾಲಿನಲ್ಲಿ ಅವರ ಬೆರಳು ನಿಂತಿತು.

“ನೋಡೋ, ಸೋಮವಾರ ರಾಗಿ ಗಂಜಿ ಕುಡಿದವ್ರೆ. ನಾನು ಹಸ್ಕೊಂಡೇ ಹೋದ್ರು ಅಂದ್ಕೊಂಡಿದ್ದೆ.”

ಕಿಟಕಿಯ ಬಿಸಿಲು ಮುಖದ ಮೇಲೆ ಬಿದ್ದಿತ್ತು. ಗಂಜಿಯನ್ನು ಈಗಷ್ಟೇ ತಾವೇ ತಣಿಸಿ ಕುಡಿಸಿದವರಂತೆ ಅತ್ತೆ ನೆಮ್ಮದಿಯಿಂದ ಕೂತಿದ್ದರು. ನನ್ನ ಜಗಳ ಎಲ್ಲಿ ಹೋಯಿತೋ ಗೊತ್ತಿಲ್ಲ.

ಅಧಿಕಾರಿ ಕನ್ನಡಕ ತೆಗೆದು ಮೆಲ್ಲಗೆ ಹೇಳಿದರು: “ಗಾಬರಿ ಬೇಡಮ್ಮ. ನೀವಿರೋವರ್ಗೂ ಮನೆ ಮುಟ್ಟಲ್ಲ. ವಸೂಲಿ ಏನಿದ್ರೂ ನಿಮ್ಮ ನಂತರ.”

“ಅಂಗಾದ್ರೆ ನಾನು ಬೇಗ ಹೋಗೋದು ಬ್ಯಾಡ ಅನ್ನಿ, ಸಾರ್!” ಎಂದು ಅತ್ತೆ ನಕ್ಕರು.

ಗಂಜಿಯ ಸಾಲಿದ್ದ ಆ ಪುಟದ ಜೆರಾಕ್ಸ್ ಮಾಡಿಸಿಕೊಂಡು, ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದನ್ನು ಎದೆಗೊತ್ತಿಕೊಂಡು ಕಣ್ಣುಮುಚ್ಚಿ ಕೂತಿದ್ದರು.

ಮೂರು ತಿಂಗಳಿಂದ “ನನ್ನನ್ನೂ ಕರ್ಕೊಳಪ್ಪ ದೇವ್ರೇ” ಎನ್ನುತ್ತಿದ್ದ ಅತ್ತೆಯನ್ನು ನಾವು ಬಂಧುಗಳೆಲ್ಲ ಸೇರಿದರೂ ಸಮಾಧಾನಪಡಿಸಲು ಆಗಿರಲಿಲ್ಲ. ಅವರಿಗೆ ಬದುಕುವ ಹಟ ಹುಟ್ಟಿಸಿದ್ದು, ನೋಡಿ, ವಸೂಲಿ ವಿಭಾಗ!