ಟೆರೇಸಿನ ಕೋಣೆಯ ಪ್ಲಗ್

ಆ ಮನೆಗೆ ನಾನು ಹೋದದ್ದು ಎರಡೇ ಸಲ. ಮೊದಲ ಸಲ ಮನೆಯಾಕೆಗೆ ಒಂದು ಮಾತು ಕೊಟ್ಟು ಬಂದೆ. ಎರಡನೆಯ ಸಲ ಆ ಮಾತು ಮುರಿದದ್ದಕ್ಕೆ ಕ್ಷಮೆ ಕೇಳಲು ಹೋದೆ.

ನಾನು ಕೆಲಸ ಮಾಡುವುದು ಸಾಗರದಲ್ಲಿ, ಮನೆ ಅಂಗಡಿಗಳಿಗೆ ಇಂಟರ್ನೆಟ್ ಕೊಡುವ ಒಂದು ಸಣ್ಣ ಸಂಸ್ಥೆಯಲ್ಲಿ. ಬಟ್ಟೆ ಅಂಗಡಿಯ ಮೇಲಿನ ಮಹಡಿಯ ಎರಡು ಕೋಣೆಗಳೇ ನಮ್ಮ ಕಚೇರಿ. ಒಂದರಲ್ಲಿ ಮಾಲೀಕರು, ಇನ್ನೊಂದರಲ್ಲಿ ನಾನು ಮತ್ತು ಗೋಡೆಯ ಮೇಲಿನ ಪರದೆ. ಊರೂರಿನಲ್ಲಿ ನಾವು ಇಟ್ಟಿರುವ ಪೆಟ್ಟಿಗೆಗಳು ಕೆಲಸ ಮಾಡುತ್ತಿವೆಯೇ ಎಂದು ಕಾಯುವ ಸಾಫ್ಟ್‌ವೇರ್ ಆ ಪರದೆಯಲ್ಲಿದೆ. ಅದು ಒಂದೊಂದು ಪೆಟ್ಟಿಗೆಯನ್ನೂ ಆಗಾಗ ಕರೆದು ನೋಡುತ್ತದೆ. ಓಗೊಟ್ಟರೆ ಹಸಿರು. ಇಲ್ಲದಿದ್ದರೆ ಕೆಂಪು, ಜೊತೆಗೆ ಪಟ್ಟಿಯಲ್ಲಿರುವವರ ಮೊಬೈಲಿಗೆಲ್ಲ ಒಂದು ಅಲರ್ಟ್.

ತೀರ್ಥಹಳ್ಳಿಗೆ ಹೋಗುವ ನಮ್ಮ ಸಂಪರ್ಕ ನೇರವಾಗಿ ಹೋಗುವುದಿಲ್ಲ. ಹೊಸನಗರದ ಆಚೆ ಒಂದು ಗುಡ್ಡದ ಮೇಲೆ ಒಬ್ಬರ ಮನೆಯಿದೆ. ಆ ಮನೆಯ ಟೆರೇಸಿನ ಮೇಲೆ ಕಂಬ ನೆಟ್ಟು, ಸಾಗರದ ಕಡೆಗೊಂದು, ತೀರ್ಥಹಳ್ಳಿಯ ಕಡೆಗೊಂದು ಡಿಶ್ ಕೂರಿಸಿದ್ದೇವೆ. ಮೆಟ್ಟಿಲು ಮುಗಿಯುವಲ್ಲಿರುವ ಚಿಕ್ಕ ಕೋಣೆಯಲ್ಲಿ ನಮ್ಮ ಪೆಟ್ಟಿಗೆ. ಕರೆಂಟು ಅವರದ್ದು. ಅದಕ್ಕೆ ಬದಲಾಗಿ ಅವರಿಗೆ ಇಂಟರ್ನೆಟ್ ಪುಕ್ಕಟೆ. ಮನೆಯ ಯಜಮಾನರಿಗೆ ಹೊಸನಗರದ ಪೇಟೆಯಲ್ಲಿ ಪಂಪು, ಪೈಪುಗಳ ಅಂಗಡಿ.

ಈ ಬೇಸಿಗೆಯ ಶುರುವಿನಲ್ಲಿ ಆ ಪೆಟ್ಟಿಗೆ ಮಧ್ಯಾಹ್ನದ ಹೊತ್ತು ಕೆಂಪಾಗತೊಡಗಿತು. ಊಟದ ಹೊತ್ತು ಕಳೆದ ಮೇಲೆ ಸುಮ್ಮನಾಗುವುದು, ಸ್ವಲ್ಪ ಹೊತ್ತು ಬಿಟ್ಟು ತಾನಾಗಿ ಎದ್ದು ಕೂರುವುದು. ಅದರ ಹಿಂದಿದ್ದ ತೀರ್ಥಹಳ್ಳಿಯ ಪೆಟ್ಟಿಗೆಗಳೂ ಸಾಲಾಗಿ ಕೆಂಪಾಗುತ್ತಿದ್ದುದರಿಂದ ನನ್ನ ಮೊಬೈಲು ಕಡಲೆ ಹುರಿದ ಹಾಗೆ ಸಿಡಿಯುತ್ತಿತ್ತು.

ಸಾಫ್ಟ್‌ವೇರೇ ಸುಳ್ಳು ಹೇಳುತ್ತಿದೆ ಎಂದುಕೊಂಡೆ. ಒಂದೆರಡು ಸಲ ಉತ್ತರ ಬರದಿದ್ದರೆ ಸುಮ್ಮನಿರು, ಮತ್ತೆ ಮತ್ತೆ ಕರೆದರೂ ಬರದಿದ್ದರೆ ಮಾತ್ರ ಕೂಗು ಎಂದು ಬದಲಾಯಿಸಿದೆ. ಗುಡ್ಡದ ಪೆಟ್ಟಿಗೆ ಬಿದ್ದಾಗ ಅದರ ಹಿಂದಿನವುಗಳ ಬಗ್ಗೆ ಬೇರೆ ಅಲರ್ಟ್ ಬೇಡ ಎಂದೂ ಬರೆದೆ. ಅಲರ್ಟುಗಳು ಕಡಿಮೆಯಾದವು. ತೀರ್ಥಹಳ್ಳಿಯಿಂದ ಬರುವ ಬೈಗುಳದ ಫೋನು ಮಾತ್ರ ಕಡಿಮೆಯಾಗಲಿಲ್ಲ. ಅಂದರೆ ಅಲರ್ಟ್ ನಿಜವೇ ಇತ್ತು, ನಾನು ಅದರ ಬಾಯಿ ಮುಚ್ಚಿಸಿದ್ದೆ ಅಷ್ಟೆ.

ಲೈನು ನೋಡುವವರು ನಮ್ಮಲ್ಲಿ ಒಬ್ಬರಿದ್ದಾರೆ, ನನಗಿಂತ ಎಷ್ಟೋ ಹಿರಿಯರು. ನಾನು ಅಣ್ಣ ಎನ್ನುತ್ತೇನೆ. ಅವರು, "ಅಲ್ಲಿ ಕರೆಂಟ್ ಹೋಗ್ತಿರ್ಬೇಕು ಮೇಡಂ, ಮನೆಯವ್ರನ್ನೇ ಕೇಳಿ" ಎಂದರು. ಕೇಳುವ ಬದಲು ನಾನು ಮನೆಯ ಯಜಮಾನರ ನಂಬರನ್ನೇ ಅಲರ್ಟ್ ಹೋಗುವವರ ಪಟ್ಟಿಗೆ ಸೇರಿಸಿದೆ. ಪೆಟ್ಟಿಗೆ ಬಿದ್ದಾಗ ಅವರಿಗೂ ಸಂದೇಶ ಹೋಗಲಿ, ಕರೆಂಟ್ ಇದೆಯೋ ಇಲ್ಲವೋ ಅವರೇ ತಿಳಿಸಲಿ ಎಂದು. ಪಾಪ, ಅವರು ಅಂಗಡಿಯಿಂದ ಮನೆಯಲ್ಲಿದ್ದ ತಮ್ಮ ಅಪ್ಪನಿಗೆ ಫೋನ್ ಮಾಡಿ ವಿಚಾರಿಸಿ, "ಕರೆಂಟ್ ಇದೆಯಂತೆ" ಎಂದು ಪ್ರತಿ ಸಲವೂ ಉತ್ತರ ಕಳಿಸುತ್ತಿದ್ದರು.

ಪೆಟ್ಟಿಗೆ ತಾನು ಎಷ್ಟು ಹೊತ್ತಿನಿಂದ ಎಚ್ಚರವಾಗಿದ್ದೇನೆ ಎಂಬುದನ್ನೂ ಹೇಳುತ್ತದೆ. ಅದನ್ನು ಮೊದಲೇ ನೋಡಬೇಕಿತ್ತು. ನೋಡಿದರೆ, ಮಧ್ಯಾಹ್ನ ಎದ್ದಾಗಲೆಲ್ಲ ಅದು ಹೊಸದಾಗಿ ಹುಟ್ಟಿದ ಹಾಗೆ ಸೊನ್ನೆಯಿಂದ ಎಣಿಸುತ್ತಿತ್ತು. ಸಂಪರ್ಕ ಕಡಿದದ್ದಲ್ಲ. ಯಾರೋ ಪ್ಲಗ್ ತೆಗೆಯುತ್ತಿದ್ದರು.

ಮರುದಿನ ಅಣ್ಣನ ಜೊತೆ ಹೊರಟೆ. ತಿಳಿಸದೆ ಹೋಗೋಣ ಎಂದದ್ದು ನಾನೇ. ಕಳ್ಳನನ್ನು ಹಿಡಿಯುವ ಉತ್ಸಾಹವಿತ್ತು ನನ್ನಲ್ಲಿ. ಈಗ ನೆನೆದರೆ ಆ ಉತ್ಸಾಹವೇ ನಾಚಿಕೆ ತರಿಸುತ್ತದೆ.

ಮನೆಯ ಜಗಲಿಯಲ್ಲಿ ಯಜಮಾನರ ಅಪ್ಪ ಅಮ್ಮ ಮಲಗಿದ್ದರು. ನಮ್ಮನ್ನು ಕಂಡು ಎದ್ದ ಹಿರಿಯರು ಮೇಲೆ ಹೋಗಿ ಎಂದು ಕೈ ತೋರಿಸಿದರು. ಅಣ್ಣ ಅವರ ಜೊತೆ ಮಾತಿಗೆ ನಿಂತರು, ನಾನು ಮೆಟ್ಟಿಲು ಹತ್ತಿದೆ. ಟೆರೇಸಿನ ತುಂಬ ಮುರುಗಲು ಹಣ್ಣಿನ ಕೆಂಪು ಸಿಪ್ಪೆ ಒಣಗಲು ಹರಡಿತ್ತು. ಮುಚ್ಚಿದ ಚಿಕ್ಕ ಕೋಣೆಯ ಒಳಗಿನಿಂದ ತೆಳ್ಳಗೆ ಒಂದು ದನಿ. ಸಂಗೀತ ಕಲಿಯುವ ಮಕ್ಕಳು ಹೇಳುವಂಥ ಸರಿಗಮ. ಒಂದು ಕಡೆ ತಪ್ಪುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು.

ಬಾಗಿಲು ತಟ್ಟಿದೆ. ತೆಗೆದಾಕೆಗೆ ನಲವತ್ತರ ಆಸುಪಾಸು. ಮುಖದ ತುಂಬ ಬೆವರು. ಹಿಂದೆ ನೆಲದ ಮೇಲೆ ಹಳೆಯದೊಂದು ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಗುಂಯ್‌ಗುಡುತ್ತಿತ್ತು. ಕೋಣೆಗೆ ಇದ್ದದ್ದು ಒಂದೇ ಪ್ಲಗ್ ಪಾಯಿಂಟು. ನಮ್ಮ ಪೆಟ್ಟಿಗೆಯ ವೈರು ಪಕ್ಕದಲ್ಲಿ ಬಿದ್ದಿತ್ತು.

ಆಕೆ ಗಾಬರಿಯಿಂದ ಶ್ರುತಿ ನಿಲ್ಲಿಸಿ ನಮ್ಮ ವೈರು ಸಿಕ್ಕಿಸಿದಳು. ಇದು ನಿಂತರೆ ತೀರ್ಥಹಳ್ಳಿಯ ಇಂಟರ್ನೆಟ್ಟೆಲ್ಲ ನಿಲ್ಲುತ್ತದೆ ಎಂದು ನಾನು ಹೇಳಿದೆ.

"ನಮ್ಮನೆ ಇಂಟರ್ನೆಟ್ ಮಾತ್ರ ಹೋಗುತ್ತೆ ಅಂದ್ಕೊಂಡಿದ್ದೆ. ತೀರ್ಥಹಳ್ಳೀದೂ ಹೋಗುತ್ತೆ ಅಂತ ಯಾರೂ ಹೇಳ್ಲಿಲ್ಲ" ಎಂದಳು.

ನಿಜ. ಆಕೆಗೆ ಯಾರೂ ಹೇಳಿರಲಿಲ್ಲ. ಒಪ್ಪಂದ ಮಾಡಿಕೊಂಡವರೆಲ್ಲ ಗಂಡಸರು.

"ಮೊಬೈಲಲ್ಲೂ ಶ್ರುತಿ ಬರುತ್ತಲ್ಲ?" ಎಂದೆ.

"ಬರುತ್ತೆ. ಮಧ್ಯದಲ್ಲಿ ಯಾರಾದ್ರೂ ಫೋನ್ ಮಾಡ್ತಾರೆ. ಇದು ಅಮ್ಮನ ಮನೆಯಿಂದ ತಂದಿದ್ದು. ಹೈಸ್ಕೂಲಲ್ಲಿದ್ದಾಗ ಸ್ವಲ್ಪ ಕಲಿತಿದ್ದೆ, ಅರ್ಧಕ್ಕೆ ಬಿಟ್ಟೆ. ನಂಗೆ ಚೆನ್ನಾಗಿ ಹಾಡಕ್ಕೆ ಬರಲ್ಲ. ಅದಕ್ಕೇ ಇಲ್ಲಿ ಬಂದು ಕೂರೋದು." ಮೆಟ್ಟಿಲ ಕಡೆ ನೋಡಿ, "ಕೆಳಗೆ ಹೇಳ್ಬೇಡಿ. ಇವ್ರಿಗೂ ಹೇಳ್ಬೇಡಿ. ನಾಳೆಯಿಂದ ಪ್ಲಗ್ ಮುಟ್ಟಲ್ಲ" ಎಂದಳು.

"ಇಲ್ಲ ಅಕ್ಕಾ, ಹೇಳಲ್ಲ" ಎಂದೆ. ಮನಸ್ಸಿನಿಂದಲೇ ಹೇಳಿದೆ. ಆಕೆ ಕೊಟ್ಟ ಮುರುಗಲು ಪಾನಕ ಕುಡಿದೆ. ಅಣ್ಣನಿಗೂ ಪ್ಲಗ್ ಸಡಿಲ ಇತ್ತು ಎಂದಷ್ಟೇ ತಿಳಿಸಿದೆ.

ಕಚೇರಿಗೆ ಬಂದು ಅಲರ್ಟನ್ನು ಮುಚ್ಚಲು ಕೂತೆ. ಮುಚ್ಚುವಾಗ ಕಾರಣ ಬರೆಯಲು ಒಂದು ಜಾಗವಿದೆ. ಅದನ್ನು ನನ್ನನ್ನು ಬಿಟ್ಟು ಯಾರೂ ತೆರೆಯುವುದಿಲ್ಲ. ಮುಂದೆ ನನಗೇ ನೆನಪಿಗೆ ಬೇಕಾದೀತು ಎಂಬುದು ನೆಪ. ತಿಂಗಳುಗಟ್ಟಲೆ ಕಾಡಿದ ಗಂಟನ್ನು ಬಿಡಿಸಿದ್ದೇನೆ ಎಂಬ ಹಿಗ್ಗಿನಲ್ಲಿ ಕಂಡದ್ದನ್ನೆಲ್ಲ ಬರೆದೆ: ಮನೆಯಾಕೆ ಶ್ರುತಿಪೆಟ್ಟಿಗೆ ಹಾಕಿಕೊಂಡು ಹಾಡಲು ದಿನಾ ಪ್ಲಗ್ ತೆಗೆಯುತ್ತಿದ್ದರು, ಇನ್ನು ತೆಗೆಯುವುದಿಲ್ಲ. ಒತ್ತಿದೆ.

ನನ್ನ ಮೊಬೈಲೇ ಮೊದಲು ಸದ್ದು ಮಾಡಿತು. ಅಲರ್ಟ್ ಮುಚ್ಚಿದಾಗಲೂ ಪಟ್ಟಿಯಲ್ಲಿದ್ದವರಿಗೆಲ್ಲ ಸಂದೇಶ ಹೋಗುತ್ತದೆ, ಕಾರಣ ಎಂದು ಬರೆದ ಮಾತೂ ಅದರ ಜೊತೆಗೆ ಹೋಗುತ್ತದೆ. ಅದು ನನಗೆ ಗೊತ್ತಿಲ್ಲದ ವಿಷಯವಲ್ಲ, ಆ ವ್ಯವಸ್ಥೆಯನ್ನೂ ಮಾಡಿದವಳು ನಾನೇ. ಆ ಹೊತ್ತಿಗೆ ನೆನಪಾಗಲಿಲ್ಲ. ಸ್ವಲ್ಪ ಹೊತ್ತಿಗೆ ಹೊಸನಗರದ ಅಂಗಡಿಯಿಂದ ಉತ್ತರ ಬಂತು.

"ಶ್ರುತಿಪೆಟ್ಟಿಗೆನಾ? ನಮ್ಮನೇಲಿ ಯಾರು ಹಾಡ್ತಾರೆ?"

ಫೋನ್ ಮಾಡಿ, ತಪ್ಪಿ ಬಂದ ಸಂದೇಶ, ಬೇರೆ ಯಾರದ್ದೋ ಮನೆಯದ್ದು ಎನ್ನಬಹುದಿತ್ತು. ಎನ್ನಲಿಲ್ಲ. ಧೈರ್ಯ ಕೂಡಿಸಿಕೊಳ್ಳುವುದರೊಳಗೆ ಸಂಜೆಯಾಯಿತು. ಅವರ ನಂಬರನ್ನು ಪಟ್ಟಿಯಿಂದ ತೆಗೆದುಹಾಕಿದೆ. ತೆಗೆದು ಇನ್ನೇನು ಪ್ರಯೋಜನ?

ಅಣ್ಣನಿಗೆ ನಡೆದದ್ದನ್ನೆಲ್ಲ ಹೇಳಿದೆ. ಅವರು ಬೈಯಲಿಲ್ಲ. "ಒಂದು ಎಕ್ಸ್‌ಟೆನ್ಶನ್ ಬೋರ್ಡ್ ಕೊಟ್ಟು ಬಂದಿದ್ರೆ ಮುಗೀತಿತ್ತಲ್ಲ ಮೇಡಂ. ಗಾಡೀಲೇ ಇತ್ತು" ಎಂದರು. ನನಗೆ ಅದು ಹೊಳೆದೇ ಇರಲಿಲ್ಲ. ಪೆಟ್ಟಿಗೆ ನಿಲ್ಲದಿದ್ದರೆ ಸಾಕು ಎಂದಷ್ಟೇ ನಾನು ಯೋಚಿಸಿದ್ದು. ಅವಳ ಹಾಡು ನಿಲ್ಲುತ್ತದಲ್ಲ ಎಂಬುದು ನನ್ನ ಲೆಕ್ಕಕ್ಕೇ ಬಂದಿರಲಿಲ್ಲ.

ಆ ಬೋರ್ಡ್ ಹಿಡಿದುಕೊಂಡು ಎರಡನೆಯ ಸಲ ಆ ಮನೆಗೆ ಹೋದಾಗ ಕೆಲವು ವಾರಗಳೇ ಕಳೆದಿದ್ದವು. ಬಸ್ಸಿನುದ್ದಕ್ಕೂ ಗಂಡ ಬೈದಿರಬಹುದು, ಅತ್ತೆ ಆಡಿಕೊಂಡಿರಬಹುದು ಎಂದು ಏನೇನೋ ಕಲ್ಪಿಸಿಕೊಂಡಿದ್ದೆ. ಆಕೆ ಅಡುಗೆಮನೆಯಲ್ಲೇ ಕೂರಿಸಿ ಕಾಫಿ ಮಾಡಿದಳು. ನಾನು ತಡವರಿಸುತ್ತ ಎಲ್ಲ ಹೇಳಿದೆ.

"ಯಾರೂ ಎಂತದೂ ಅನ್ಲಿಲ್ಲ ಕಣೇ" ಎಂದಳು. "ಇವ್ರಿಗೆ ಖುಷಿನೇ ಆಯ್ತು. ಅತ್ತೆನೂ ಕೆಳಗೇ ಹಾಡು, ನಾವೂ ಕೇಳ್ತೀವಿ ಅಂದ್ರು. ದೊಡ್ಡತ್ತೆ ಮನೇಲಿ ಸತ್ಯನಾರಾಯಣ ಪೂಜೆ ಇತ್ತು, ಅಲ್ಲಿ ಹಾಡ್ಸಿದ್ರು. ಅಷ್ಟು ಜನ ಸುಮ್ನೆ ಕೂತು ನನ್ನ ಬಾಯಿ ನೋಡ್ತಿದ್ರು. ನಡುವೆ ತಪ್ಪಿತು. ಚೆನ್ನಾಗಿತ್ತು ಅಂತ ಎಲ್ರೂ ಹೇಳಿದ್ರು."

"ಈಗ?"

"ಈಗ ಮೇಲೆ ಹೋದ್ರೆ ಎಲ್ರಿಗೂ ಗೊತ್ತಾಗುತ್ತಲ್ಲ ಯಾಕೆ ಹೋದೆ ಅಂತ. ಕೆಳಗೆ ಕಿವಿ ಕೊಟ್ಕೊಂಡು ಕೂತಿರ್ತಾರೆ. ದನಿನೇ ಬರಲ್ಲ. ಬೈದಿದ್ರೆ ಹಠಕ್ಕಾದ್ರೂ ಹಾಡ್ತಿದ್ನೇನೋ."

ಬೋರ್ಡನ್ನು ಆಕೆಯ ಕೈಯಲ್ಲಿ ಇಟ್ಟೆ. ಅವಳು ಅದನ್ನು ತಿರುಗಿಸಿ ನೋಡಿ, ಮಿಕ್ಸಿಯ ಪಕ್ಕದಲ್ಲಿಟ್ಟು, "ಇರ್ಲಿ, ಎಂತಕ್ಕಾದ್ರೂ ಬೇಕಾಗುತ್ತೆ" ಎಂದಳು. ಬೇಸರ ನನ್ನ ಮೇಲೆ ಇದ್ದಂತೆ ಕಾಣಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಹೊಸನಗರದಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ, ಒಪ್ಪಂದಕ್ಕೆ ನಮ್ಮ ಕಚೇರಿಗೆ ಬಂದಿದ್ದಾಗ ನನ್ನನ್ನು ನೋಡಿದ್ದ ಆಕೆಯ ಗಂಡ ಅಂಗಡಿಯಿಂದಲೇ ನನ್ನನ್ನು ಗುರುತಿಸಿ ಕರೆದರು. ಪೈಪಿನ ಸುರುಳಿಗಳ ನಡುವೆ ಸ್ಟೂಲು ಹಾಕಿ ಕೂರಿಸಿದರು.

"ನಿಮ್ಮ ಮೆಸೇಜ್ ಬರ್ದೇ ಇದ್ದಿದ್ರೆ ಗೊತ್ತೇ ಆಗ್ತಿರ್ಲಿಲ್ಲ ಮಾರಾಯ್ರೆ! ಇಷ್ಟು ವರ್ಷ ಒಟ್ಟಿಗಿದ್ದು ಒಂದು ದಿನ ಕೇಳಿಲ್ಲ ನಾನು" ಎಂದು ನಕ್ಕರು. ಆಮೇಲೆ ದನಿ ತಗ್ಗಿಸಿ, "ಈಗ ಹಾಡೋದೇ ಬಿಟ್ಟಿದಾಳೆ. ಎಂತ ಆಯ್ತೋ ಗೊತ್ತಾಗಲ್ಲ" ಎಂದರು.

ಮತ್ತೊಂದು ಸಲ ಅವಳ ಮಾತನ್ನು ಇನ್ನೊಬ್ಬರ ಮುಂದೆ ಇಡುವುದೇ? ಬಾಯಿ ಬಿಡಲು ಹೆದರಿದೆ. ಸುಮ್ಮನಿರುವುದೂ ಸರಿ ಕಾಣಲಿಲ್ಲ.

"ಯಾರೂ ಕೇಳದೇ ಇರೋ ಜಾಗ ಬೇಕಿತ್ತು ಅನ್ಸುತ್ತೆ ಅವ್ರಿಗೆ" ಎಂದೆ.

"ನಾನೂ ಕೇಳ್ಬಾರ್ದಾ?" ಎಂದರು.

ಸಾಗರದ ಬಸ್ಸು ಬಂತು, ಹೊರಟೆ.

ಮಳೆಗಾಲ ಹಿಡಿದ ಮೇಲೆ ಬೇರೆ ಕೆಲಸಕ್ಕೆ ಆಕೆಯ ಗಂಡನಿಗೆ ಫೋನ್ ಮಾಡಬೇಕಾಯಿತು. ಮಾತು ಮುಗಿದ ಮೇಲೂ ಅವರು ಫೋನ್ ಇಡಲಿಲ್ಲ. ಈಗ ಮಧ್ಯಾಹ್ನ ಊಟಕ್ಕೆ ಮನೆಗೆ ಹೋಗುವುದಿಲ್ಲವಂತೆ, ಬುತ್ತಿ ತರುತ್ತಾರಂತೆ. ಅಪ್ಪ ಅಮ್ಮನಿಗೂ ಜಗಲಿ ಬಿಟ್ಟು ಹಿಂದಿನ ಕೋಣೆಯಲ್ಲಿ ಮಲಗಿ ಎಂದಿದ್ದಾರಂತೆ.

"ಅಕ್ಕ ಈಗ ಹಾಡ್ತಾರಾ?" ಎಂದು ಕೇಳಿದೆ.

"ಗೊತ್ತಿಲ್ಲ ಮೇಡಂ. ವಿಚಾರಿಸಕ್ಕೆ ಹೋಗಿಲ್ಲ" ಎಂದರು.