ಅಜ್ಜಿಯ ಗಂಟು ಹಗುರ ಮಾಡಿದ್ದು

ಆಗೆಲ್ಲ ಕುರುಗೋಡಿನಿಂದ ಶ್ರೀಶೈಲಕ್ಕೆ ನಡೆದು ಹೋಗುವವರ ಗಂಟು ಅವರವರ ಬೆನ್ನ ಮೇಲೆಯೇ ಇರುತ್ತಿತ್ತು. ಈಗಿನ ಹಾಗೆ ಹಿಂದಿನಿಂದ ಟ್ರ್ಯಾಕ್ಟರು ಬರುತ್ತಿರಲಿಲ್ಲ, ದಾರಿಯುದ್ದಕ್ಕೂ ಶಾಮಿಯಾನ ಹಾಕಿ ಶರಬತ್ತು ಕೊಡುವವರೂ ಇರಲಿಲ್ಲ. ಯುಗಾದಿಗೆ ಮಲ್ಲಯ್ಯನ ಮುಂದೆ ನಿಲ್ಲಬೇಕೆಂದರೆ ಹನ್ನೆರಡು ದಿನ ಮೊದಲೇ ಹೊರಡಬೇಕು. ಉಣ್ಣುವುದು, ಉಡುವುದು, ಹೊದೆಯುವುದು ಎಲ್ಲವನ್ನೂ ಹೊತ್ತೇ ಹೊರಡಬೇಕು. ಹನ್ನೊಂದನೆಯ ವಯಸ್ಸಿನಲ್ಲಿ ಅಂಥದೊಂದು ನಡಿಗೆಗೆ ನಾನೂ ಅಜ್ಜಿಯ ಜೊತೆ ಹೋಗಿದ್ದೆ. ಹಾಗೆ ನಡೆದವರು ನಿಮ್ಮಲ್ಲೂ ಇದ್ದಾರು. ಅವರಿಗೆ ಹೆಗಲ ಮೇಲಿನ ಹಗ್ಗದ ಗುರುತು ಎಷ್ಟು ದಿನ ಉಳಿಯುತ್ತದೆಂದು ಹೇಳಬೇಕಾಗಿಲ್ಲ.

ನಮ್ಮ ಗುಂಪಿನ ಹಿರಿಯ ಸಿದ್ದಯ್ಯ ತಾತ. ಎಷ್ಟು ಸಲ ಶ್ರೀಶೈಲ ನಡೆದಿದ್ದನೋ ಅವನಿಗೇ ನೆನಪಿರಲಿಲ್ಲ. ಹೊರಡುವ ಹಿಂದಿನ ದಿನ ಮೆಣಸಿನಕಾಯಿ ಚೀಲ ತೂಗುವ ಕೊಕ್ಕೆ ತಕ್ಕಡಿಯನ್ನು ತನ್ನ ಮನೆ ಮುಂದಿನ ಬೇವಿನ ಟೊಂಗೆಗೆ ಕಟ್ಟಿ ಒಬ್ಬೊಬ್ಬರ ಗಂಟನ್ನೂ ತೂಗುತ್ತಿದ್ದ. ದೊಡ್ಡವರಿಗೆ ಏಳು ಕೆಜಿ, ನನಗೆ ಮೂರು. ಮುಳ್ಳು ಅದನ್ನು ದಾಟಿತೆಂದರೆ ಗಂಟು ಬಿಚ್ಚಿ ಎಲ್ಲರೆದುರಿಗೆ ಹರವಿಬಿಡುತ್ತಿದ್ದ.

"ಇದೇನವಾ, ಮದಿವಿಗಿ ಹೊಂಟೀಯೇನು? ಸ್ಟೀಲ್ ಚೊಂಬು ತಗಿ, ಪ್ಲಾಸ್ಟಿಕ್ ಬಾಟ್ಲಿ ಇಟ್ಕ. ಸೋಪು ಇಡೀದು ಯಾಕ? ಕಾಲುಭಾಗ ಕೊಯ್ಕ. ಟವಲ್ ಅರ್ಧ ಹರಿ. ಮನಿಗೊಂದು ಬಾಚಣಿಕಿ ಸಾಕು."

ಬಯ್ಯಿಸಿಕೊಂಡವರೂ ನಗುತ್ತಿದ್ದರು. ನನಗಂತೂ ಅದು ಕುಂಟೆಬಿಲ್ಲೆಗಿಂತ ಒಳ್ಳೆಯ ಆಟವಾಗಿತ್ತು. ಯಾರ ಗಂಟಿನಲ್ಲಿ ಏನು ಹೆಚ್ಚು ಎಂದು ನಾನೇ ಬೆರಳು ಮಾಡಿ ತೋರಿಸತೊಡಗಿದೆ. ಪಕ್ಕದ ಮನೆಯ ಶಾಂತಕ್ಕನ ಗಂಟಿನಿಂದ ಕನ್ನಡಿ ತೆಗೆಸಿದವಳು ನಾನೇ. ಹಸಿ ರೊಟ್ಟಿಯಲ್ಲಿ ನೀರಿನ ಭಾರ ಇರುತ್ತದೆ, ಒಣಗಿಸಿದ ಕಟಕ್ ರೊಟ್ಟಿಯಲ್ಲಿ ಇರುವುದಿಲ್ಲ ಎಂದು ಪಾಠ ಒಪ್ಪಿಸಿದಾಗ ತಾತ, "ಈಕಿ ನನಗಿಂತ ಕಟುಕಳು ಅದಾಳ" ಎಂದ. ಆ ಹೊಗಳಿಕೆಗೆ ನಾನು ದಿನವಿಡೀ ಉಬ್ಬಿಕೊಂಡು ತಿರುಗಿದೆ.

ತಾತನದು ಇನ್ನೊಂದು ಕಟ್ಟಳೆ ಇತ್ತು. ಒಬ್ಬರ ಗಂಟನ್ನು ಇನ್ನೊಬ್ಬರು ಹೊರುವಂತಿಲ್ಲ. ಗಂಡ ಹೆಂಡತಿಯದನ್ನೂ ಹೊರುವಂತಿಲ್ಲ. ಮಲ್ಲಯ್ಯನಿಗೆ ಹೊತ್ತದ್ದು ಅವರವರ ಹೆಗಲಿನದೇ ಆಗಬೇಕು; ಆಗದವರು ಬಸ್ ಹತ್ತಿ ಮನೆಗೆ.

ಅಜ್ಜಿಯ ಗಂಟು ಸರಿಯಾಗಿ ಏಳು ಕೆಜಿ ತೂಗಿತು. ಅವಳ ಕಂಬಳಿ ಮನೆಯ ಗೂಟದಲ್ಲೇ ನೇತಾಡುತ್ತಿದ್ದುದನ್ನು ಕಂಡು, "ಹೊದಿಯಾಕ ಬ್ಯಾಡೇನಬೇ?" ಎಂದೆ. "ಸೆರಗೈತಲ್ಲ, ಸಾಕು" ಎಂದಳು. ಅಡುಗೆಮನೆಯಲ್ಲಿ ನಾಲ್ಕು ದಿನದಿಂದ ಸುಟ್ಟ ಜೋಳದ ಹಿಟ್ಟಿನ ವಾಸನೆ, ಬೆಳ್ಳುಳ್ಳಿ ಹಾಕಿ ಕುಟ್ಟಿದ ಶೇಂಗಾ ಚಟ್ನಿಯ ಘಾಟು ತುಂಬಿಕೊಂಡಿತ್ತು. ಅಷ್ಟು ರೊಟ್ಟಿ ಬಡಿದವಳು ತನ್ನ ಪಾಲಿಗೆ ಅರ್ಧವನ್ನೂ ಕಟ್ಟಿಕೊಂಡಿರಲಿಲ್ಲ. ಅದೂ ನನ್ನ ಕಣ್ಣಿಗೆ ಬಿತ್ತು. ತಾತನಿಂದ ಕಲಿತುಬಿಟ್ಟಿದ್ದಾಳೆ ಎಂದು ಖುಷಿಪಟ್ಟೆ.

ಆ ವರ್ಷ ಅವ್ವ ಪಡಸಾಲೆಯ ಮಂಚ ಹಿಡಿದಿದ್ದಳು. ಮೈಯಲ್ಲಿ ರಕ್ತ ನಿಲ್ಲುತ್ತಿರಲಿಲ್ಲ, ಮುಖ ಸುಣ್ಣದ ಗೋಡೆಯ ಹಾಗೆ ಬಿಳಿಚಿಕೊಂಡಿತ್ತು. ತಿಂಗಳಿಗೊಮ್ಮೆ ಅಪ್ಪ ಬಳ್ಳಾರಿಯ ಡಾಕ್ಟರ ಹತ್ತಿರ ಕರೆದೊಯ್ಯುತ್ತಿದ್ದ. ರಕ್ತ ಏರಿಸಿಕೊಂಡು ಬಂದರೆ ಕೆಲವು ದಿನ ಎದ್ದು ಕೂತಿರುತ್ತಿದ್ದಳು. ಹೊರಡುವ ದಿನ ನನ್ನ ಕೈ ಹಿಡಿದುಕೊಂಡು ಒಂದೇ ಮಾತು ಹೇಳಿದಳು.

"ಅಜ್ಜಿ ಕೂಡನ ಇರು ನೀಲಾ. ಆಕಿ ಮಲ್ಲಯ್ಯನ ಹಂತೇಲಿ ಮುಟ್ಟಬೇಕು. ನಡುವ ಹೊಳ್ಳಿ ಬರಬಾರದು."

ನಾನು ಆ ಮಾತನ್ನು ಎಷ್ಟು ಬಿಗಿಯಾಗಿ ಹಿಡಿದುಕೊಂಡೆನೆಂದರೆ, ಅಜ್ಜಿಯ ಒಂದೊಂದು ಹೆಜ್ಜೆಯನ್ನೂ ಹಿಂದೆ ತಿರುಗಿ ನೋಡುತ್ತ ನಡೆದೆ.

ಮೊದಲ ದಿನ ಚೆನ್ನಾಗಿಯೇ ನಡೆದಳು. ಎರಡನೆಯ ದಿನ ಸಿರುಗುಪ್ಪ ಹತ್ತಿರವಾದಂತೆ ಕಾಲುವೆಯ ನೀರಿನ ತಂಪು, ಭತ್ತದ ಗದ್ದೆಯ ಕೆಸರಿನ ವಾಸನೆ ಬಂದು ಉಳಿದವರೆಲ್ಲ ಚುರುಕಾದರು. ಅಜ್ಜಿ ಮಾತ್ರ ಹಿಂದೆ ಬಿದ್ದಳು. ಎಡ ಮೊಣಕಾಲು ಊದಿಕೊಂಡಿತ್ತು. ಕಲ್ಲು ಕಂಡಲ್ಲಿ ಕೂತು, ಗಂಟನ್ನು ಮಡಿಲಲ್ಲಿಟ್ಟುಕೊಂಡು, "ನೀ ನಡೀಲೇ, ಬರ್ತೀನಿ" ಎನ್ನುತ್ತಿದ್ದಳು. ನಾನು ಹೊರುತ್ತೇನೆಂದು ಕೈಚಾಚಿದರೆ ಹೊಡೆಯಲು ಬರುತ್ತಿದ್ದಳು. ಆ ಸಂಜೆ ಸಿರುಗುಪ್ಪದ ಮಠದ ಕಟ್ಟೆಯ ಮೇಲೆ ಕೂತು ಪಾದದ ಬೊಬ್ಬೆಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಾಗ ಸಿದ್ದಯ್ಯ ತಾತ ಶಾಂತಕ್ಕನಿಗೆ ಹೇಳಿದ್ದು ಕೇಳಿಸಿತು.

"ಮುದುಕಿಗಿ ಆಗಂಗಿಲ್ಲ. ನಾಳೆ ಹಚ್ಚೊಳ್ಳಿಯಾಗ ಬಸ್ ಹತ್ತಿಸಿಬಿಡ್ತೀನಿ. ಅಡವಿಯಾಗ ಬಿದ್ರ ಯಾರು ಹೊರೋರು?"

ಅವ್ವ ಒಪ್ಪಿಸಿದ್ದು ಒಂದೇ ಕೆಲಸ, ಅದೂ ಮೂರನೆಯ ದಿನಕ್ಕೇ ಕೆಡುವುದರಲ್ಲಿತ್ತು.

ಮರುದಿನ ಬೆಳಿಗ್ಗೆ ಹೊಳೆಯ ಸ್ನಾನಕ್ಕೆಂದು ಕೆಂಚನಗುಡ್ಡಕ್ಕೆ ಹೋದೆವು. ಹೆಂಗಸರೆಲ್ಲ ನೀರಿಗಿಳಿದರು. ಗಂಟುಗಳನ್ನು ಕಾಯಲು ನನ್ನನ್ನು ಬಂಡೆಯ ಮೇಲೆ ಕೂರಿಸಿದ್ದರು. ನಾನು ಅಜ್ಜಿಯ ಗಂಟನ್ನು ಬಿಚ್ಚಿದೆ. ತಾತನ ಹಾಗೆಯೇ ಒಂದೊಂದನ್ನೂ ಕೈಯಲ್ಲಿ ತೂಗಿ ನೋಡಿದೆ. ಸೀರೆ ತೆಳ್ಳಗಿನದು. ರೊಟ್ಟಿ ಎಷ್ಟೋ ಕಡಿಮೆ. ಎಲ್ಲಕ್ಕೂ ಕೆಳಗೆ ಒಂದು ಬಿಳಿ ಚೀಲ, ಬಾಯಿ ಬಿಗಿದು ಕಟ್ಟಿದ್ದು, ಕಲ್ಲಿನ ಹಾಗೆ ಭಾರ. ಒಳಗಿದ್ದುದು ಬರೀ ಜೋಳ.

ಬಿಡಿ ಜೋಳ! ಬೀಸಲು ಕಲ್ಲಿಲ್ಲ, ಬಡಿಯಲು ಹೊತ್ತಿಲ್ಲ, ದಾರಿಯಲ್ಲಿ ಅದನ್ನು ಏನು ಮಾಡುವುದು? ಮುದುಕಿಯರು ಸುಮ್ಮನೆ ಏನೇನೋ ಕಟ್ಟಿಕೊಳ್ಳುತ್ತಾರೆ ಎಂದು ತಾತ ಬಯ್ಯುತ್ತಿದ್ದುದು ಸರಿಯೇ ಎನಿಸಿತು. ಅನ್ನ ಚೆಲ್ಲಬಾರದೆಂಬುದು ಗೊತ್ತಿತ್ತು. ಅದಕ್ಕೇ ಪಕ್ಕದಲ್ಲಿ ಮೀನಿನ ಬಲೆ ಒಣಹಾಕುತ್ತಿದ್ದ ಹೆಂಗಸನ್ನು ಕರೆದು ಕೊಟ್ಟೆ.

"ಯಾಕವ್ವಾ, ನಿಮಗ ಬ್ಯಾಡೇನು?" ಎಂದಳು ಅವಳು.

"ನಮಗ ಭಾರ ಆಗೈತಿ" ಎಂದೆ.

ಅವಳು ಸೆರಗೊಡ್ಡಿ ಸುರಿಸಿಕೊಂಡಳು. ಗಂಟು ಸೊರಗಿದ್ದು ಅಜ್ಜಿಗೆ ತಿಳಿಯಬಾರದೆಂದು ಖಾಲಿ ಚೀಲಕ್ಕೆ ನನ್ನ ಹಳದಿ ಫ್ರಾಕನ್ನು ತುರುಕಿ, ಮೊದಲಿದ್ದಂತೆಯೇ ಬಾಯಿ ಕಟ್ಟಿ, ಮೊದಲಿದ್ದಲ್ಲೇ ಇಟ್ಟೆ.

ಒದ್ದೆ ಕೂದಲು ಕೊಡವುತ್ತ ಬಂದ ಅಜ್ಜಿ ಗಂಟನ್ನು ಹೆಗಲಿಗೇರಿಸಿ ಒಂದು ಕ್ಷಣ ನಿಂತಳು. ಆಮೇಲೆ ಹೊಳೆಯ ಕಡೆ ತಿರುಗಿ ಕೈಮುಗಿದಳು. "ಮಲ್ಲಯ್ಯ ಹಗುರು ಮಾಡ್ಯಾನ ನೋಡ, ಹೂವಿನಂಗ ಆಗೈತಿ" ಎಂದಳು. ನಾನು ಬಾಯಿ ಬಿಗಿಹಿಡಿದು ನಗು ತಡೆದುಕೊಂಡೆ. ಹಚ್ಚೊಳ್ಳಿಯಲ್ಲಿ ಬಸ್ಸು ನಿಂತಿತ್ತು. ತಾತ ಅವಳ ಕಾಲನ್ನೊಮ್ಮೆ, ಮುಖವನ್ನೊಮ್ಮೆ ನೋಡಿ, "ನಡಿಬೇ, ನಡಿ" ಎಂದ. ನನ್ನ ಜೀವನದಲ್ಲಿ ಅಷ್ಟು ಹೆಮ್ಮೆಯಿಂದ ನಾನು ಮತ್ತೆಂದೂ ನಡೆದಿಲ್ಲ.

ಅಜ್ಜಿ ಮುಟ್ಟಿದಳು. ನಲ್ಲಮಲದ ಕಾಡು, ಕಲ್ಲಿನ ಮೆಟ್ಟಿಲು, ಬಾಯಾರಿಕೆ ಎಲ್ಲವನ್ನೂ ಕುಂಟುತ್ತಲೇ ದಾಟಿ ಮುಟ್ಟಿದಳು. ದರ್ಶನ ಮುಗಿಸಿ ನನ್ನನ್ನು ಸೀದಾ ದಾಸೋಹದ ಉಗ್ರಾಣಕ್ಕೆ ಕರೆದೊಯ್ದಳು. ಅಲ್ಲಿ ಜನ ತಂದ ಧಾನ್ಯವನ್ನು ಸುರಿಯಲು ದೊಡ್ಡ ಹರಿವಾಣ ಇಟ್ಟಿದ್ದರು. ಅಜ್ಜಿ ಅದರ ಮುಂದೆ ಮೊಣಕಾಲೂರಿ ಆ ಬಿಳಿ ಚೀಲ ಹೊರತೆಗೆದಳು. ಅದು ಹಗುರಾಗಿದ್ದುದೂ ಮಲ್ಲಯ್ಯನ ದಯೆಯೇ ಎಂಬಂತೆ ಕಣ್ಣಿಗೊತ್ತಿಕೊಂಡಳು. ಬಾಯಿ ಬಿಚ್ಚಿ ಬಗ್ಗಿಸಿದಳು. ಹಳದಿ ಫ್ರಾಕು ಜಾರಿ ಹರಿವಾಣಕ್ಕೆ ಬಿತ್ತು.

"ಜ್ವಾಳ ನಾನಽ ತಗದೀನಿ" ಎಂದೆ ನಾನು, ಇನ್ನೂ ಹೆಮ್ಮೆಯಿಂದಲೇ. "ಇಲ್ಲಾಂದ್ರ ನಿನ್ನ ಹಚ್ಚೊಳ್ಳಿಯಾಗ ಬಸ್ ಹತ್ತಿಸ್ತಿದ್ರು."

ಹಿಂದಿದ್ದವರು ಅವಸರ ಮಾಡಿದರು. ಅಜ್ಜಿ ಫ್ರಾಕನ್ನು ಎತ್ತಿಕೊಂಡು ಹೊರಗೆ ಬಂದು ಕಂಬಕ್ಕೊರಗಿ ಕೂತಳು. ಅವಳು ಅಳಲಿಲ್ಲ, ಬಯ್ಯಲೂ ಇಲ್ಲ. ಫ್ರಾಕನ್ನು ಮಡಿಚಿ ತೊಡೆಯ ಮೇಲಿಟ್ಟುಕೊಂಡು ತಾನೇ ಹೇಳಿದಳು. ವರ್ಷವಿಡೀ ಪ್ರತಿ ಸೋಮವಾರ, ನಾನು ನೀರಿಗೆ ಹೋದಾಗ, ಅವ್ವ ಮಂಚದ ಮೇಲೆಯೇ ಮುಖ ತೊಳೆದುಕೊಂಡು ಒಂದೊಂದು ಹಿಡಿ ಜೋಳ ಆ ಚೀಲಕ್ಕೆ ಹಾಕಿದ್ದಳು. ಅದು ಅವ್ವನ ಜೀವದ ಹರಕೆ. ಮುಟ್ಟುವವರೆಗೂ ಯಾರಿಗೂ ಹೇಳದೆ, ಮನೆಯವರೊಬ್ಬರು ಹೊತ್ತು ನಡೆದು ಮುಟ್ಟಿಸಬೇಕಾದದ್ದು. ಹೇಳಿದರೆ ಹರಕೆ ಕೆಡುತ್ತದೆಂದು ತಾತನಿಗೂ ಹೇಳದೆ, ಏಳು ಕೆಜಿಯೊಳಗೆ ಅದನ್ನು ಹಿಡಿಸಲು ಕಂಬಳಿ, ರೊಟ್ಟಿ ಬಿಟ್ಟು ಬಂದಿದ್ದಳು.

"ಯಾರಿಗಿ ಕೊಟ್ಟಿ?"

"ಹೊಳಿ ದಂಡಿ ಮೇಲಿನ ಆಕಿಗಿ."

"ಆತು ಬಿಡು. ಯಾರರ ಉಂಡಾರಲ್ಲ." ಆಮೇಲೆ ನನ್ನ ಗಲ್ಲ ಹಿಡಿದು, "ನಿಮ್ಮವ್ವಗ ಮಾತ್ರ ಹೇಳಬ್ಯಾಡ" ಎಂದಳು.

ಊರಿಗೆ ಬಂದಾಗ ಅವ್ವ ಬಾಗಿಲಲ್ಲೇ ಕೂತಿದ್ದಳು. "ಮುಟ್ಟಿಸಿದ್ರ್ಯಾ?" ಎಂದಳು. "ಮುಟ್ಟಿಸಿದ್ವಿ" ಎಂದಳು ಅಜ್ಜಿ, ಕಾಲು ತೊಳೆಯುವ ನೆಪದಲ್ಲಿ ಆ ಕಡೆ ತಿರುಗಿ. ಅವ್ವ ನನ್ನ ಮುಖ ನೋಡಿದಳು. ನಾನೂ ಹೌದೆಂದು ತಲೆಯಾಡಿಸಿದೆ.

ಮರುದಿನವೇ ಅವ್ವ ಎದ್ದು ಒಲೆ ಹಚ್ಚಿದಳು. ಕೆಲವು ತಿಂಗಳು ನಿಜಕ್ಕೂ ಗೆಲುವಾಗಿದ್ದಳು. ಬಾವಿಯಿಂದ ನೀರು ಕೂಡ ತಂದಳು. ಅವಳು ನಕ್ಕಾಗಲೆಲ್ಲ ನಾನು ಏನಾದರೊಂದು ನೆಪ ಹೇಳಿ ಹೊರಗೆ ಓಡುತ್ತಿದ್ದೆ. ದೀಪಾವಳಿಯ ಹೊತ್ತಿಗೆ ಮತ್ತೆ ಮುಖ ಬಿಳಿಚಿತು, ಪಾದ ಊದಿದವು. ಅಪ್ಪ ಬಳ್ಳಾರಿಗೆ ಹೊರಡಿಸಲು ಗಾಡಿ ತಂದು ಬಾಗಿಲಲ್ಲಿ ನಿಲ್ಲಿಸಿದ್ದ. ಅವ್ವ ಮಂಚದಿಂದ ಏಳಲೇ ಇಲ್ಲ.

"ಹರಕಿ ಮುಟ್ಟೈತಿ. ಮಲ್ಲಯ್ಯ ನೋಡ್ಕಂತಾನ. ಮತ್ಯಾಕ ಸೂಜಿ ಚುಚ್ಚಿಸ್ಕಳ್ಳಾಕ ಹೋಗ್ಲಿ? ನನಗೇನೂ ಆಗಂಗಿಲ್ಲ."

ಅಪ್ಪ ರೇಗಿದ, ಬೇಡಿಕೊಂಡ. ಅಜ್ಜಿ ಮಂಚದ ಕಾಲ ಬಳಿ ನಿಂತಿದ್ದಳು, ನಾನು ಅವಳ ಹಿಂದೆ. ಅಜ್ಜಿ ತಿರುಗಿ ನನ್ನನ್ನು ನೋಡಿದಳು. ಅವಳ ತುಟಿ ಅಲುಗಿತು. ಹೇಳಿದರೆ ಹುಡುಗಿಯ ಮೇಲೆ ಬರುತ್ತದೆಂದು ಅವಳು ಹೇಳಲಿಲ್ಲ. ಬಯ್ಯುತ್ತಾರೆಂದು ನಾನು ಹೇಳಲಿಲ್ಲ. ಗಾಡಿ ಹಿಂದಕ್ಕೆ ಹೋಯಿತು. ಅದಾಗಿ ಹನ್ನೊಂದನೆಯ ದಿನ ಅವ್ವ ತೀರಿಕೊಂಡಳು, ಕೊನೆಯವರೆಗೂ ಗುಣವಾಗುತ್ತೇನೆಂದು ನಂಬಿಕೊಂಡೇ.

ಅಜ್ಜಿ ಮತ್ತೆಂದೂ ಶ್ರೀಶೈಲಕ್ಕೆ ನಡೆಯಲಿಲ್ಲ. ಒಮ್ಮೆ, ನಾನು ಕಾಲೇಜಿಗೆ ಹೋಗುವಾಗ, ಧೈರ್ಯ ಮಾಡಿ ಆ ಮಾತೆತ್ತಿದೆ. "ಹಿಡಿ ಜ್ವಾಳಕ್ಕ ಜೀವ ಕೊಡಾಕ ಮಲ್ಲಯ್ಯ ಅಂಗಡಿ ಇಟ್ಟಾನೇನಲೇ?" ಎಂದು ನಕ್ಕುಬಿಟ್ಟಳು. ಜೋಳದ ಮಾತಲ್ಲ ನಾನು ಆಡಿದ್ದು ಎಂಬುದು ಇಬ್ಬರಿಗೂ ಗೊತ್ತಿತ್ತು. ಅವಳೂ ಹೋಗಿ ಬಹಳ ವರ್ಷವಾಯಿತು. ಸಿದ್ದಯ್ಯ ತಾತನೂ ಇಲ್ಲ. ಈಗ ಗುಂಪಿನ ಹಿಂದೆ ಎರಡು ಟ್ರ್ಯಾಕ್ಟರು ಸಾಮಾನು ಹೊತ್ತು ಹೋಗುತ್ತವೆ. ನಡೆಯುವವರ ಕೈಯಲ್ಲಿ ಫೋನು ಬಿಟ್ಟರೆ ಬೇರೇನೂ ಇರುವುದಿಲ್ಲ.

ನಾನು ಬಳ್ಳಾರಿಯಲ್ಲಿ ಪಾಠ ಹೇಳಿಕೊಂಡಿದ್ದೇನೆ. ರಜೆಯಲ್ಲಿ ಹುಡುಗ ಹುಡುಗಿಯರ ಜೊತೆ ಸಂಡೂರಿನ ಗುಡ್ಡಗಳಲ್ಲಿ ಎರಡು ಮೂರು ದಿನ ನಡೆಯುತ್ತೇನೆ. ಮೇಡಂ, ನಿಮ್ಮ ಬ್ಯಾಗ್ ಇಷ್ಟು ಹಗುರ ಹೇಗೆ ಎಂದು ಕೇಳುತ್ತಾರೆ. ಸೋಪು, ಟವಲು, ಬಾಚಣಿಗೆ ಎಲ್ಲ ಹೇಳಿಕೊಡುತ್ತೇನೆ. ಅವರು ತಮ್ಮ ಬ್ಯಾಗಿನಿಂದ ಏನಾದರೂ ತೆಗೆದಿಟ್ಟು ಇದು ಬೇಡ ತಾನೇ ಎಂದರೆ ಮಾತ್ರ ಉತ್ತರ ಕೊಡುವುದಿಲ್ಲ, ನೀವೇ ನೋಡಿಕೊಳ್ಳಿ ಎನ್ನುತ್ತೇನೆ.

ಆ ದಿನ ಪಡಸಾಲೆಯಲ್ಲಿ ಒಂದು ಮಾತು ಸಾಕಿತ್ತು. "ಮುಟ್ಟಿಸಿಲ್ಲವ್ವ" ಎಂದಿದ್ದರೆ ಅವಳು ಗಾಡಿ ಹತ್ತುತ್ತಿದ್ದಳು. ಈಗ ಅದನ್ನು ಬರೆದಿದ್ದೇನೆ, ನೀವು ಓದಿದ್ದೀರಿ. ಕೇಳಬೇಕಾಗಿದ್ದವಳಿಗೆ ಮಾತ್ರ ಅದು ಕೇಳಿಸಲೇ ಇಲ್ಲ.