ತೇಲಿದ ಕಾಳು

ಹಳೇ ಊರುಗಳ ಅಗೆತದಲ್ಲಿ ಸಿಕ್ಕ ಬೂದಿಮಣ್ಣನ್ನು ನೀರಿಗೆ ಹಾಕಿ, ತೇಲಿ ಬರುವ ಸುಟ್ಟ ಕಾಳುಗಳನ್ನು ಗುರುತಿಸುವುದು ನನ್ನ ಕೆಲಸ. ಹೋಲಿಸಿ ನೋಡಲು ಈಗಿನ ಕಾಳನ್ನೂ ಸುಡಬೇಕು. ಜಯನಗರದ ಮನೆಯಲ್ಲಿ ಅಮ್ಮ ಅದನ್ನು ಮೊರದಲ್ಲಿ ಆರಿಸಿ ಕೊಡುತ್ತಲೇ ಬೈಯುತ್ತಿದ್ದಳು: “ಉಣ್ಣೋ ಅಕ್ಕೀನ ಸುಡ್ತೀಯಲ್ಲೋ.”

“ಸುಟ್ಟಿದ್ದೇ ಸಾವಿರ ವರ್ಷ ಉಳಿಯೋದು, ಸುಮ್ನಿರಮ್ಮ” ಅಂತ ರೇಗುತ್ತಿದ್ದೆ.

ಅಮ್ಮ ಹೋದಾಗ ಬನಶಂಕರಿಯ ಸ್ಮಶಾನದಲ್ಲಿ, ಸೌದೆಯ ಚಿತೆಯ ಮೇಲಿದ್ದ ಅವಳ ಬಾಯಿಗೆ ಎಲ್ಲರೂ ಅಕ್ಕಿಕಾಳು ಹಾಕಿದೆವು. ಮೂರನೇ ದಿನ ಬೂದಿಯನ್ನು ಹೊಳೆಗೆ ಬಿಟ್ಟಾಗ ಒಂದು ಕಪ್ಪು ಕಾಳು ತೇಲಿತು. ನನ್ನ ಕೈ ತಾನಾಗಿ ಹೋಗಿ ಅದನ್ನು ಹೆಕ್ಕಿತು.

“ಅದನ್ನೂ ಬಿಡೋ” ಅಂದ ಅಣ್ಣ.

ಯಾರ್ಯಾರದೋ ಮನೆಯ ಕಾಳನ್ನು ಡಬ್ಬಿಗಳಲ್ಲಿ ಜೋಪಾನ ಮಾಡಿಟ್ಟಿರುವ ನಾನು, ಅಮ್ಮನ ಬಾಯಿಯದನ್ನು ನೀರಿಗೆ ಬಿಟ್ಟೆ.